ಜಂಬಯ್ಯ ಗಟ್ಟಿ ಮಾಡಿದ ನೆಲಮಾಳಿಗೆ

ಗುತ್ತೂರಿನ ಜಂಬಯ್ಯ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಲೋಕದಲ್ಲಿ ಸಡಿಲವಾದದ್ದನ್ನೆಲ್ಲ ಬಿಗಿ ಮಾಡಲು ತಾನೊಬ್ಬನೇ ಸಾಕೆಂಬ ನಂಬಿಕೆ ಅವನದು. (ಹೆಸರಿನಲ್ಲೇ ಜಂಬವಿದ್ದ ಮೇಲೆ ಮನುಷ್ಯನನ್ನು ದೂರಿ ಏನು ಫಲ?)

ಅರವತ್ತೊಂದರ ಮಳೆಗಾಲದಲ್ಲಿ ಪಕ್ಕದ ಮನೆಯ ಗಿರಿಯಮ್ಮನ ಗಂಡ ಜೋಳ ತರಲು ನೆಲಮಾಳಿಗೆಗೆ ಇಳಿದವನು ಮಣ್ಣು ಕುಸಿದು ಸತ್ತ. ಅಗೆದು ಹೊರತೆಗೆದವರಲ್ಲಿ ಜಂಬಯ್ಯನೂ ಒಬ್ಬ. ಅಂದಿನಿಂದ ಅವನು ರಾತ್ರಿ ಎದ್ದೆದ್ದು ತನ್ನ ಮನೆಯ ನೆಲ ತಟ್ಟಿ ನೋಡುವನು. ಅವನ ಮನೆಯಡಿಯೂ ಅಂಥದೇ ನೆಲಮಾಳಿಗೆ. ಹೆಂಡತಿ ಉಡಚಮ್ಮ ದಿನವೂ ಮೊರ ಹಿಡಿದು ಇಳಿಯುವುದು ಅಲ್ಲಿಗೇ.

"ಗೋಡೆ ಕಟ್ಟೋ ಗೌಂಡಿ ಖಾಜಾ ಹುಸೇನಣ್ಣನ್ನ ಕರೆಸ್ರಿ," ಎಂದಳು ಉಡಚಮ್ಮ.

"ಯಾಕ? ನನಗೆ ಕೈ ಇಲ್ಲೇನು?"

"ಐತ್ರೀ. ಅದಕ್ಕೇ ಹೆದರಿಕೆ."

ಎರಡು ತಿಂಗಳು, ರಜೆ ಸಿಕ್ಕಾಗಲೆಲ್ಲ, ನೆಲಮಾಳಿಗೆಯ ಜೀರ್ಣೋದ್ಧಾರ ನಡೆಯಿತು. ಗೋಡೆಯ ಬುಡ ಬಗೆದು ಜಾಗ ಮಾಡಿ ನಾಲ್ಕು ಕಲ್ಲುಕಂಬ ನಿಲ್ಲಿಸಿದ. ಅವುಗಳ ಮೇಲೆ ಕಬ್ಬಿಣದ ತೊಲೆ, ಸಂದಿಗೆಲ್ಲ ಸಿಮೆಂಟು. ಅಷ್ಟರಲ್ಲಿ ಮೇಲೆ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತು.

"ಗೋಡೆ ಬಾಯಿ ಬಿಟ್ಟೈತೆ, ನೋಡ್ರಿ."

"ಮಣ್ಣು ಒಣಗಾಕತ್ತೈತೆ. ಬಾಯಿ ಬಿಟ್ಟಿರಾದು ನೀನು."

ಒಂದು ಭಾನುವಾರ ಬೆಳಿಗ್ಗೆ ಕೆಲಸ ಮುಗಿಯಿತು. ಮೇಲೆ ರೊಟ್ಟಿ ಬಡಿಯುತ್ತಿದ್ದವಳನ್ನು ಜಂಬಯ್ಯ ಕೆಳಗಿನಿಂದ ಕೂಗಿದ.

"ರೊಟ್ಟಿ ಹೆಂಚಿನ ಮ್ಯಾಲೈತ್ರೀ!"

"ಸೀದ್ರೆ ಸೀಯ್ಲಿ, ಬಾ!"

ಗೊಣಗುತ್ತಲೇ ಇಳಿದಳು. ಜಂಬಯ್ಯ ಕಂಬಕ್ಕೆ ಗುದ್ದಿದ. "ಇನ್ನು ಭೂಮಿ ನಡುಗಿದ್ರೂ..."

ಮಾತು ಮುಗಿಯಲಿಲ್ಲ. ಮೇಲೆ ಧಡಾರನೆ ಸದ್ದು. ಬೆಳಕು ಆರಿಹೋಗಿ ಕಣ್ಣು ಬಾಯಿಗೆಲ್ಲ ಧೂಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ತಬ್ಬಿ ನಿಂತರು. ಕಂಬಗಳು ಮಾತ್ರ ಅಲುಗಲಿಲ್ಲ.

"ಉಡಚಮ್ಮಾ! ಜಂಬಣ್ಣಾ!" ಗಿರಿಯಮ್ಮ ಓಡಿಬಂದು ಕೂಗುತ್ತಿದ್ದಳು. ಕೆಮ್ಮಿನಲ್ಲಿ ಇಬ್ಬರಿಗೂ ಸ್ವರ ಹೊರಡದು. ಅವಳ ದನಿ ಒಡೆಯಿತು.

"ಅದೀವ್ರೀ ಅಕ್ಕಾ!" ಎಂದು ಕೊನೆಗೂ ಜಂಬಯ್ಯ ಚೀರಿದ.

ಗಿರಿಯಮ್ಮ ಉರುಳಿದ ಗೋಡೆಯ ಕಲ್ಲುರಾಶಿಯ ಪಕ್ಕದಲ್ಲಿ ಕುಸಿದು ಕೂತು ಗೋಳೋ ಎಂದು ಅತ್ತಳು. ಊರವರು ಕಲ್ಲು ಸರಿಸಿ ಇಬ್ಬರನ್ನೂ ಮೇಲಕ್ಕೆಳೆದರು. ಒಲೆಯಿದ್ದ ಜಾಗದಲ್ಲಿ ಆಳೆತ್ತರ ಕಲ್ಲು ಬಿದ್ದಿತ್ತು. ಅದನ್ನು ನೋಡಿ ಉಡಚಮ್ಮ ಗಂಡನ ಕಡೆ ತಿರುಗಿದಳು. ಜಂಬಯ್ಯ ಅವಳ ಕೈ ಹಿಡಿದ.

ಸಂಜೆ ಖಾಜಾ ಹುಸೇನ್ ಬಂದು, ಕೆಳಗಿಳಿದು ನೋಡಿ, ಮೇಲೆ ಬಂದು ಕೈ ಕೊಡವಿದ. "ಕಂಬ ಪಸಂದ್ ಐತೆ. ಆದ್ರೆ ಗೋಡೆ ಬುಡ ಬಗೆದೋರು ಯಾರ್ರೀ?"

ಜಂಬಯ್ಯ ಹೆಂಡತಿಯ ಕಡೆ ದೀನನಾಗಿ ನೋಡಿದ. ಉಡಚಮ್ಮ ಕಣ್ಣೊರೆಸಿಕೊಂಡಳು.

"ಹೆಗ್ಗಣ, ಅಣ್ಣಾ."

"ಹೌದ್ರೀ, ಭಾಳ ದೊಡ್ಡದು," ಎಂದ ಜಂಬಯ್ಯ, ಹೋದ ಜೀವ ಬಂದಂತಾಗಿ.

"ಹಿಡಿದಿಟ್ಟೀನಿ," ಎಂದಳು ಉಡಚಮ್ಮ. "ನಾಳೆಯಿಂದ ನಿಮ್ಮ ಕೈಕೆಳಗೆ ಮಣ್ಣು ಹೊರಾಕೆ ಕಳಸ್ತೀನಿ. ಅಗೆಯಾಕೆ ಸನಿಕೆ ಮಾತ್ರ ಕೊಡಬ್ಯಾಡ್ರಿ."