ಎರಡನೆಯ ಕಸದ ಗಾಡಿಯ ಅಂದಾಜು

ಕಸವನ್ನು ತೂಗುವ ಉದ್ಯೋಗದಲ್ಲಿರುವವರು ನಗುವಿಗಾಗಿ ಬೇರೆಡೆ ಹುಡುಕಬೇಕಾಗಿಲ್ಲ. ಚಾಮರಾಜನಗರದಿಂದ ನಿತ್ಯ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದು, ಅಲ್ಲಿನ ಕಸ ಸಾಗಿಸಲು ತಗಲುವ ವೆಚ್ಚವನ್ನು ನಾನು ಅಂದಾಜು ಮಾಡುತ್ತಿದ್ದೆ. ನನ್ನ ಪಾಲಿನ ಬೀದಿಗಳಿಗೆಲ್ಲ ಇದ್ದದ್ದು ಒಂದೇ ಕಸದ ಆಟೋ. ಅದನ್ನು ಓಡಿಸುತ್ತಿದ್ದವಳು ಊರಿಗೆಲ್ಲ ಅಕ್ಕ; ಅವಳಿಗೆ ಮಧ್ಯಾಹ್ನದ ಊಟ ಸಂಜೆಗೆ ಒದಗುತ್ತಿತ್ತು. ಕಸದ ತೂಕ ಸಾಕಷ್ಟು ಬಂದರೆ ಮಾತ್ರ ಎರಡನೆಯ ಗಾಡಿ ಮಂಜೂರಾಗುವಂತಿತ್ತು.

"ಸರಿಯಾಗಿ ತೂಗ್ಬುಡಿ ಮೇಡಂ. ಬಿಸಿ ಅನ್ನ ಉಂಡು ಎಷ್ಟು ಕಾಲಾಯ್ತೋ," ಎಂದಿದ್ದಳು.

೧. ನಾಚಿದ ಬೀದಿ

ತಕ್ಕಡಿ ಹಿಡಿದು ಮೊದಲ ಬೀದಿಗೆ ಹೋದರೆ, ಪ್ರತಿ ಮನೆಯ ಮುಂದೆಯೂ ಬಕೆಟ್ಟು ತೊಳೆದು ಬೋರಲು ಹಾಕಿತ್ತು.

"ಕಸ ಎಲ್ಲಜ್ಜಿ?" ಎಂದು ಜಗಲಿಯಲ್ಲಿದ್ದ ಅಜ್ಜಿಯನ್ನು ಕೇಳಿದೆ.

"ನಮ್ಮನೇಲಿ ಕಸಾನೇ ಇಲ್ಲ ಕಣಮ್ಮಿ."

"ಅಡುಗೆ ಮಾಡಿಲ್ಲವೇ?"

"ಮಾಡಿವ್ನಿ, ಬಾ ಉಣ್ಣು. ಕಸ ಮಾತ್ರ ತೋರ್ಸಕಿಲ್ಲ. ನೀನು ಬರ್ಕೊಂಡೋದ್ರೆ ನನ್ ಸೊಸೆ ಮಾನ ಏನಾದದು?"

ಉಂಡು ಎದ್ದವಳು ನನ್ನ ಬಾಳೆಎಲೆಯನ್ನೇ ತೂಗಿದೆ. ಅಂದು ಆ ಬೀದಿಯಲ್ಲಿ ಸಿಕ್ಕ ಕಸ ನನ್ನದೊಂದೇ.

೨. ಮಂಡಿಯ ಪೈಪೋಟಿ

ಗಾಬರಿಯಾದ ಅಕ್ಕ, "ಕಸ ತೋರ್ಸುದ್ರೇನೆ ಗಾಡಿ ಬರೋದು," ಎಂದು ಈರುಳ್ಳಿ ಮಂಡಿಯಲ್ಲೆಲ್ಲ ಸಾರಿಬಂದಳು. ಮರುದಿನ ಅಕ್ಕಪಕ್ಕದ ಇಬ್ಬರು ವರ್ತಕರು ಸ್ಪರ್ಧೆಗಿಳಿದರು.

"ನಂದು ಅವನ್ಗಿಂತ ಕಮ್ಮಿನಾ? ವಸಿ ಇರಿ ಮೇಡಂ!" ಎಂದ ಒಬ್ಬರು ಮತ್ತೊಂದು ಮೂಟೆ ಉರುಳಿಸಿದರು. ಬಿಚ್ಚಿದರೆ ಒಳ್ಳೆಯ ಈರುಳ್ಳಿ.

"ಇದು ಕಸವಲ್ಲವಲ್ಲ?"

"ಇವತ್ತಿನ ರೇಟ್ ನೋಡಿದ್ರೆ ಕಸಾನೇ, ಬರ್ಕೊಳ್ಳಿ."

೩. ಸ್ನಾನದ ಪ್ರಶ್ನೆ

ಆಟೋ ಓಡುವ ದೂರವನ್ನು ಅಳೆಯಲು ಅಕ್ಕನೊಡನೆ ಕಸ ಸುರಿಯುವ ಜಾಗಕ್ಕೂ ಹೋದೆ. ಗೋಪಾಲಸ್ವಾಮಿ ಬೆಟ್ಟದ ಕೊಳದಲ್ಲಿ ಮಿಂದ ಕಾಗೆಗಳು ಹಂಸಗಳಾದವು, ಆದ್ದರಿಂದಲೇ ಬೆಟ್ಟದ ಮೇಲೆ ಕಾಗೆಗಳಿಲ್ಲವೆಂದು ಕಸದ ಜಾಗದ ಕಾವಲುಗಾರ ಭಕ್ತಿಯಿಂದ ವಿವರಿಸಿದ. ನಾನು ನಂಬಿಕೆಗಳಿಗೆ ಎದುರಾಡುವವಳಲ್ಲ. ಕಾಗೆಗಳಿಂದ ಕಪ್ಪಾಗಿದ್ದ ಕಸದ ಗುಡ್ಡೆಯನ್ನು ಸುಮ್ಮನೆ ನೋಡಿದೆ. ಆತನೂ ನೋಡಿದ.

"ಇವುಕ್ಕೆ ಸ್ನಾನ ಅಂದ್ರೆ ಆಗಕಿಲ್ಲ ಬುಡಿ ಮೇಡಂ."

೪. ಸನ್ಮಾನ

ಕೊನೆಗೆ ನನ್ನ ಅಂದಾಜನ್ನು ಕಣ್ಣಾರೆ ಪರಿಶೀಲಿಸಲು ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ದೊಡ್ಡವರು ಬರುತ್ತಾರೆಂದು ಬೀದಿಯವರು ನಸುಕಿನಲ್ಲೇ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡಿಸಿದ್ದರು. ಹುಡುಕಿದರೂ ಒಂದು ಕಡ್ಡಿ ಸಿಗಲಿಲ್ಲ.

"ಇಷ್ಟು ಚೊಕ್ಕಟವಾದ ಊರಿಗೆ ಇನ್ನೊಂದು ಗಾಡಿ ಏಕೆ?" ಎಂದರು ಅಧಿಕಾರಿಗಳು. ಅಕ್ಕನ ಮುಖ ಬಾಡಿತು.

ನಾನು ಉತ್ತರಿಸುವಷ್ಟರಲ್ಲಿ ಸನ್ಮಾನ ಆರಂಭವಾಯಿತು: ಹಾರಗಳು, ಎಳನೀರು, ಎಲೆಯೂಟ, ಕಾಗದದ ಲೋಟದಲ್ಲಿ ಕಾಫಿ. ಮುಗಿಯುವ ಹೊತ್ತಿಗೆ ಆಟೋ ತುಂಬಿ ತುಳುಕಿತು. ಮಿಕ್ಕ ಎಳನೀರ ಬುರುಡೆಗಳ ರಾಶಿ ಜೀಪಿಗೇ ಅಡ್ಡವಾಗಿ ನಿಂತಿತು.

"ಇದನ್ನು ತೆಗೆಯುವುದು ಯಾವಾಗ?"

"ಆಟೋ ಓಗಿ ಸುರ್ದು ಬರ್ಬೇಕಲ್ಲ ಸಾರ್, ಸಂಜೆ ಆಯ್ತದೆ," ಎಂದಳು ಅಕ್ಕ. "ಅರ್ಜೆಂಟ್ ಅಂದ್ರೆ ನಿಮ್ಮ ಜೀಪ್ ಹಿಂದ್ಗಡೆ ಬಾಗ್ಲು ತೆಗೀರಿ."

ಮೈಸೂರಿನ ಸಭೆಗೆ ಆಗಲೇ ತಡವಾಗಿದ್ದ ಅಧಿಕಾರಿಗಳು ಬಾಗಿಲು ತೆರೆಸಿದರು. ಹಾರ ಧರಿಸಿದ ಅವರನ್ನೂ ಬುರುಡೆಗಳನ್ನೂ ಹೊತ್ತ ಜೀಪು ಆಟೋದ ಹಿಂದೆಯೇ ಕಸದ ಗುಡ್ಡೆಗೆ ಹೊರಟಿತು. ಅಲ್ಲಿ, ಜೀಪಿನ ಬಾನೆಟ್ಟಿನ ಮೇಲೆಯೇ, ಅವರು ಎರಡನೆಯ ಗಾಡಿಗೆ ಸಹಿ ಹಾಕಿದರು.

ಅಕ್ಕ ಕೈಮುಗಿದು, ಬಹಳ ವಿನಯದಿಂದ ಕೇಳಿದಳು: "ಒಸ ಗಾಡಿ ಬರಗಂಟ ದಿನಾ ನೀವೇ ಬತ್ತೀರಾ ಸಾರ್?"