ಗೋಡೆಯಾಚೆಯ ಇಪ್ಪತ್ತು ಡಿಗ್ರಿ

ಬೆಳಿಗ್ಗೆ ಆರೂ ಮೂವತ್ತೈದಕ್ಕೆ ಟೈಲರನ ಪೀಪಾಯಿಯ ಉಷ್ಣತೆ ಹದಿನೆಂಟು ಡಿಗ್ರಿಗೆ ಇಳಿದಿತ್ತು. ಇರಬೇಕಾದದ್ದು ಇಪ್ಪತ್ತು.

ಸಾಮಾನು ಕೋಣೆಯಲ್ಲಿ ಅವನು ಬಿಯರ್ ಹುದುಗು ಬರಲು ಇಟ್ಟು ಆರು ದಿನವಾಗಿತ್ತು. ಇದು ನಾಲ್ಕನೆಯ ಪ್ರಯತ್ನ. ಮೊದಲ ಮೂರೂ ಚಳಿಗೆ ಕೆಟ್ಟು ಬಚ್ಚಲು ಸೇರಿದ್ದವು.

"ಇದೂ ಕೆಟ್ರೆ ಪೀಪಾಯಿ ಗುಜರಿಗೆ. ಜೊತೆಗೆ ನಿಮ್ಮನ್ನೂ ತೂಕಕ್ಕೆ ಹಾಕ್ತೀನಿ," ಎಂದಿದ್ದಳು ಹೆಂಡತಿ.

ಈ ಸಲ ಪೀಪಾಯಿಯನ್ನು ಬೆಚ್ಚಗಿಟ್ಟಿದ್ದು ಗೋಡೆಯಾಚೆಯ ಮನೆಯ ತಾತನ ಹೀಟರ್. ಮೂರು ಗಂಟೆ ಉರಿದು ತಾನೇ ಆರುವ ಹಳೆಯ ಮಾದರಿ. ಗುಂಡಿ ತಿರುಗಿಸಿದರೆ ಮತ್ತೆ ಮೂರು ಗಂಟೆ. ಟೈಲರ್ ತನ್ನ ಅಳತೆ ಪುಸ್ತಕದಲ್ಲಿ, ಗಿರಾಕಿಗಳ ಎದೆ ಸೊಂಟಗಳ ಕೆಳಗೆ, ಗಂಟೆಗಂಟೆಗೂ ಉಷ್ಣತೆ ಬರೆದು ಇದನ್ನು ಪತ್ತೆಹಚ್ಚಿದ್ದ. ಹಗಲೂ ರಾತ್ರಿ ತಾತ ಒಮ್ಮೆಯೂ ತಪ್ಪಿರಲಿಲ್ಲ. ಇವತ್ತು ತಪ್ಪಿದ್ದರು.

ಹೋಗಿ ನೋಡಿದರೆ ಬಾಗಿಲು ಸುಮ್ಮನೆ ಮುಂದೆ ಹಾಕಿತ್ತು. ಒಳಗೆ ಮಬ್ಬುಗತ್ತಲೆ. ಮಂಚದ ಮೇಲೆ ಗೋಡೆಗೆ ಆತುಕೊಂಡು, ಪೂರ್ತಿ ಮುಸುಕೆಳೆದ ಆಕಾರ. ತಾತನಿಗೆ ಕಿವಿ ಮಂದ, ಬಾಯಿ ಚುರುಕು. ಅವರನ್ನು ಎಬ್ಬಿಸುವುದೂ ಒಂದೇ, ಜೇನುಗೂಡಿಗೆ ಕಲ್ಲು ಹೊಡೆಯುವುದೂ ಒಂದೇ. ಟೈಲರ್ ಗುಂಡಿ ತಿರುಗಿಸಿ ತುದಿಗಾಲಲ್ಲಿ ಹೊರಬಂದ.

ಒಂಬತ್ತೂ ನಲವತ್ತಕ್ಕೆ ಎರಡನೆಯ ಸಲ ಗುಂಡಿ ತಿರುಗಿಸಿ ಬರುವಾಗ ಎದುರುಮನೆಯ ಟೀಚರಮ್ಮ ಹಿಡಿದರು.

"ತಾತನಿಗೆ ಹುಷಾರಿಲ್ವಾ?"

ಹೀಟರ್ ಎಂದರೆ ಕದ್ದು ಮಾಡುತ್ತಿದ್ದ ಬಿಯರಿನ ಮಾತೂ ಹೇಳಬೇಕು. "ಸ್ವಲ್ಪ ಜ್ವರ," ಎಂದ.

"ಜ್ವರಕ್ಕೆ ಗಾಳಿ ಬೇಕು. ತಾಳಿ, ಕಿಟಕಿ ತೆಗೀತೀನಿ."

ಟೈಲರ್ ಬಾಗಿಲಿಗೆ ಅಡ್ಡ ನಿಂತ. "ಬೇಡಿ ಟೀಚರಮ್ಮ, ಅಂಟುಜ್ವರ. ನಾನೇ ನೋಡ್ಕೋತೀನಿ."

"ಹೆತ್ತ ಮಗನೂ ಇಷ್ಟು ಮಾಡಲ್ಲ ಬಿಡಿ," ಎಂದರು ಟೀಚರಮ್ಮ. ಹತ್ತೂವರೆಯೊಳಗೆ ಈ ಮಾತು ಮೂರು ಮಹಡಿ ಹತ್ತಿ ಇಳಿಯಿತು.

ಹನ್ನೆರಡೂ ನಲವತ್ತಕ್ಕೆ ಅವರು ಬಟ್ಟಲು ತುಂಬ ಸೂಪು ಹಿಡಿದು ಕಾದಿದ್ದರು. ಟೈಲರ್ ಅದನ್ನು ಇಸಿದುಕೊಂಡು ಒಳಗೆ ಹೋದ. ಮುಸುಕಿನಡಿಯಿಂದ ಗುಳುಗುಳು ಸದ್ದು ಬರುತ್ತಿತ್ತು. ಪಾಪ, ಹೊಟ್ಟೆ ಹಸಿದಿದೆ ಎಂದುಕೊಂಡ. ಆದರೆ ಎಬ್ಬಿಸಿದರೆ ಹೀಟರಿನ ಲೆಕ್ಕ ಕೇಳುತ್ತಾರೆ. ತುಂಬಿದ ಬಟ್ಟಲು ವಾಪಸು ಕೊಟ್ಟರೆ ಟೀಚರಮ್ಮ ಒಳಗೆ ನುಗ್ಗುತ್ತಾರೆ. ನಿಂತಲ್ಲೇ ತಾನೇ ಕುಡಿದ.

"ಕುಡಿದ್ರಾ?"

"ಒಂದು ತೊಟ್ಟೂ ಬಿಡಲಿಲ್ಲ."

"ಉಪ್ಪು?"

"ಸರಿಯಾಗಿತ್ತಂತೆ."

ಮೂರೂ ನಲವತ್ತಕ್ಕೆ ಪೀಪಾಯಿ ಇಪ್ಪತ್ತರಲ್ಲಿ ಗಟ್ಟಿಯಾಗಿ ನಿಂತಿತ್ತು. "ನಿಮ್ಮನ್ನ ಏನೋ ಅಂದ್ಕೊಂಡಿದ್ದೆ ರೀ," ಎಂದು ಹೆಂಡತಿ ಕೇಳದೆಯೇ ಚಹಾ ಕೊಟ್ಟಳು.

ಸಂಜೆ ಆರಕ್ಕೆ ಟೀಚರಮ್ಮ ಮೇಲಿನ ಮಹಡಿಯ ಹಲ್ಲಿನ ಡಾಕ್ಟರನ್ನು ಕರೆತಂದರು. ಟೈಲರ್ ಕೊರಳಲ್ಲಿ ಟೇಪು ಜೋತಾಡಿಸಿಕೊಂಡು ಓಡಿಬಂದ.

"ಈಗಷ್ಟೇ ನಿದ್ದೆ ಹತ್ತಿದೆ ಡಾಕ್ಟ್ರೇ. ನಾಳೆ ನೋಡಿದ್ರಾಯ್ತು."

"ಬೆಳಿಗ್ಗೆಯಿಂದ ನಿದ್ದೇನೇ ಅಂತಲ್ಲ," ಎಂದು ಡಾಕ್ಟರು ಮುಸುಕೆಳೆದರು.

ಎರಡು ದಿಂಬು. ನಡುವೆ ಒಂದು ಪೀಪಾಯಿ, ಟೈಲರನದಕ್ಕಿಂತ ದೊಡ್ಡದು. ಬಾಯಿಗೆ ಉಣ್ಣೆಯ ಟೋಪಿ. ಗುಳುಗುಳು ಎಂದಿತು. ಡಾಕ್ಟರು ಬಗ್ಗಿ ಮೂಸಿದರು.

"ಬಿಯರ್," ಎಂದರು. "ಒಳ್ಳೆ ಹದದಲ್ಲಿದೆ."

ಟೀಚರಮ್ಮ ಟೈಲರನ ಕಡೆ ತಿರುಗಿದರು. "ಹಾಗಾದ್ರೆ ನನ್ನ ಸೂಪು ಕುಡಿದಿದ್ದು ಯಾರು? ತಾತ ಎಲ್ಲಿ?"

ಟೀಚರಮ್ಮ ಮಂಚದ ಅಂಚಿನಲ್ಲಿ ಕೂತರು.

"ಒಂದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, ಬೇಕರಿಯವರು ನನ್ನ ನಂಬರ್ ಕೊಟ್ಟಿದ್ರಂತೆ," ಎಂದರು, ದನಿ ತಗ್ಗಿಸಿ. "ಬೇಕರಿ ಮುಂದೆ ಯಾರೋ ವಯಸ್ಸಾದೋರು ಬಿದ್ದು ತಲೆಗೆ ಪೆಟ್ಟಾಗಿದೆ, ನಿಮ್ಮ ಕಟ್ಟಡದ ತಾತ ಇರಬಹುದಾ ಅಂತ ಕೇಳಿದ್ರು. ಅಲ್ಲ, ನಮ್ಮ ತಾತ ಮನೇಲಿದ್ದಾರೆ, ಈಗಷ್ಟೇ ಸೂಪು ಕುಡಿದ್ರು ಅಂತ ನಾನೇ ಹೇಳಿದೆ."

ತಾತ ಬೆಳಗಿನ ಜಾವ ನಾಲ್ಕೂವರೆಗೆ ಬೇಕರಿಯಿಂದ ಯೀಸ್ಟ್ ತರಲು ಹೋಗಿದ್ದರು. ಐದು ನಿಮಿಷದ ಕೆಲಸವೆಂದು ಬಾಗಿಲಿಗೆ ಬೀಗ ಹಾಕಿರಲಿಲ್ಲ. ಆಪರೇಷನ್ನಿಗೆ ಒಪ್ಪಿಗೆ ಕೊಡುವವರಿಗಾಗಿ ಆಸ್ಪತ್ರೆಯವರು ಸಂಜೆಯವರೆಗೆ ಹುಡುಕಿದರು. ಐದೂಕಾಲಿಗೆ ತಾತ ತೀರಿಕೊಂಡರು.

ಪೊಲೀಸರು ಎರಡೂ ಪೀಪಾಯಿಗಳನ್ನು ಠಾಣೆಗೆ ಸಾಗಿಸಿದರು. ತಾತನಿಗೆ ಬೇರೆ ಯಾರೂ ಇರಲಿಲ್ಲ. ಶವ ಪಡೆಯುವ ಕಾಗದಕ್ಕೆ ಟೈಲರ್ ಸಹಿ ಹಾಕಿದ.