ಏಳು ತುಂಡು ವೈರು

ಮಾಸ್ತಿಕಟ್ಟೆಯ ಗ್ರಂಥಾಲಯ ನೋಡಿಕೊಳ್ಳುವ ಸುರೇಂದ್ರನಿಗೆ ಬೇಕಾಗಿದ್ದದ್ದು ಏಳು ತುಂಡು ವೈರು. ಒಂದೊಂದು ಗೇಣುದ್ದ, ಅಷ್ಟೇ. ಅದನ್ನು ಆರಿಸಲು ಮಹಾಶಯ ಎಂಟು ತಿಂಗಳು ತೆಗೆದುಕೊಂಡ.

ಮಗಳು ಭವ್ಯಾ ಹೊಸನಗರದಲ್ಲಿ ಡಿಗ್ರಿ ಕೊನೆಯ ವರ್ಷ. ಅವಳಿಗೆ ಆಸೆಪಟ್ಟು ಗಟ್ಟಿ ಮರದ, ಭಾರದ ಎಲೆಕ್ಟ್ರಿಕ್ ಗಿಟಾರು ಕೊಡಿಸಿದ್ದವನು ಸುರೇಂದ್ರನೇ. ಕಳೆದ ಆಷಾಢದಲ್ಲಿ ಅವಳು, "ಅಪ್ಪ, ಇದಕ್ಕೊಂದು ಪೆಡಲ್ ಇದ್ರೆ ಚಂದ ಇತ್ತು," ಅಂದಳು. ಪೆಡಲ್ ಅಂದರೆ ಕಾಲಬುಡದಲ್ಲಿ ಇಟ್ಟುಕೊಳ್ಳುವ ಸಣ್ಣ ಡಬ್ಬಿ. ಗಿಟಾರಿನ ಸ್ವರ ಅದರೊಳಗೆ ಹೊಕ್ಕು ಹೊರಬಂದರೆ ದಪ್ಪಗಾಗಿ ಗುರುಗುಟ್ಟುತ್ತದೆ. ಅಂಗಡಿಯಲ್ಲಿ ಸಿಗುತ್ತದೆ, ಸುಮ್ಮನೆ ತಂದುಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಕೊಳ್ಳೋದೆಂತಕ್ಕೆ? ನಾನೇ ಮಾಡ್ಕೊಡ್ತೀನಿ," ಅಂದುಬಿಟ್ಟ.

ಡಬ್ಬಿ, ಸ್ವಿಚ್ಚು, ಬೋರ್ಡು ಒಂದೇ ವಾರದಲ್ಲಿ ಸಿದ್ಧವಾದವು. ಉಳಿದದ್ದು ಅವನ್ನು ಒಂದಕ್ಕೊಂದು ಜೋಡಿಸುವ ವೈರು. ಶನಿ ಹೆಗಲೇರಿದ್ದು ಇಲ್ಲೇ. ಪುಸ್ತಕದ ನಡುವೆ ಬದುಕುವವನಿಗೆ ಓದದೆ ಯಾವ ಕೆಲಸವನ್ನೂ ಮಾಡಿ ಗೊತ್ತಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಲು ಕೂತ. ಒಂಟಿ ಎಳೆಯ ವೈರು ಬಗ್ಗಿಸಿದ ಹಾಗೆ ನಿಲ್ಲುತ್ತದೆ ಅಂತ ಒಬ್ಬ. ಅದು ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಹಲವು ಎಳೆಯದೇ ಸೈ ಅಂತ ಇನ್ನೊಬ್ಬ. ಹಳೇ ಕಾಲದ ಬಟ್ಟೆ ಸುತ್ತಿದ ವೈರಿನಲ್ಲಿ ನಾದ ಬೆಚ್ಚಗಿರುತ್ತದೆ ಅಂತ ಎಲ್ಲಿಯವನೋ ಒಬ್ಬ ಆಣೆ ಮಾಡಿ ಬರೆದಿದ್ದ. ಸುರೇಂದ್ರ ಮೂರನ್ನೂ ತರಿಸಿದ, ಮೂರರ ಬಗ್ಗೆಯೂ ಮತ್ತೆ ಓದಿದ. ಸಂಜೆ ಜಗಲಿಯಲ್ಲಿ ಮಗಳು ಬಾರಿಸುವ ಸದ್ದು ಈಚೆಗೆ ಜೋರಾಗಿ ಓದಿಗೆ ತೊಂದರೆಯಾಗುತ್ತಿದ್ದುದರಿಂದ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಏನಾದರೂ ಕೇಳಿದರೆ, ತಲೆಯೆತ್ತದೆ "ಹ್ಞೂಂ, ಮಾಡ್ಕ" ಅನ್ನುತ್ತಿದ್ದ.

ಇವತ್ತು ಕಾಲೇಜಿನ ವಾರ್ಷಿಕೋತ್ಸವ. ಮೂರು ಗಂಟೆಗೆ ಭವ್ಯಾಳ ಹಾಡು. ಇದೇ ಕೊನೆ. ಇನ್ನು ಪರೀಕ್ಷೆ, ಆಮೇಲೆ ಕಾಲೇಜೂ ಇಲ್ಲ, ವೇದಿಕೆಯೂ ಇಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಅವಳ ಗಿಟಾರಿನ ಚೀಲವನ್ನು ಸುರೇಂದ್ರನೇ ಹೊತ್ತು ತಂದ. ಯಾಕೋ ಹಗುರ ಅನ್ನಿಸಿತು. ಪೆಡಲ್ ಮುಗಿಸುವ ಹುರುಪಿಗೆ ತೋಳಿಗೆ ಬಲ ಬಂದಿದೆ ಅಂದುಕೊಂಡ.

"ಮೂರು ಗಂಟೆಗೆ ಪೆಡಲ್ ಅಲ್ಲಿರತ್ತೆ, ನೋಡ್ತಿರು."

"ಪೆಡಲ್ ಎಲ್ಲ ಬೇಡ ಅಪ್ಪ. ನೀನು ಬಾ, ಸಾಕು."

ಪಾಪ, ಹುಡುಗಿಗೆ ನಂಬಿಕೆಯೇ ಹೋಗಿದೆಯಲ್ಲ ಅಂತ ಸುರೇಂದ್ರನಿಗೆ ಅನ್ನಿಸಿತು. ಬಸ್ಸು ತಿರುವು ದಾಟುವ ಮೊದಲೇ ಮನೆಗೆ ಓಡಿದ.

ಒಂಟಿ ಎಳೆಯ ವೈರನ್ನೇ ಗಟ್ಟಿಮನಸ್ಸು ಮಾಡಿ ಬೆಸೆದ. ಏಳೂ ತುಂಡು ನೆಟ್ಟಗೆ ಕೂತವು. ಮುಚ್ಚಳ ಒತ್ತಿದ. ಒಳಗೆ ಟಿಕ್ ಅಂದಿತು. ಬಿಚ್ಚಿ ನೋಡಿದರೆ ಎರಡು ಮುರಿದಿದ್ದವು.

"ಥತ್, ವೈರೇ ಸರಿ ಇಲ್ಲ!" ಅಂತ ಕೂಗಿದ್ದು ತಪ್ಪಾಯಿತು. ಮಾಸ್ತಿಕಟ್ಟೆಯಲ್ಲಿ ವೈರಿನ ಸುದ್ದಿ ಜೋರಾಗಿ ಆಡಬಾರದು. ಅಣೆಕಟ್ಟಿನ ಊರು, ಅರ್ಧ ಜನ ಕರೆಂಟು ಹುಟ್ಟಿಸಿ ರಿಟೈರಾದವರು. ಪಕ್ಕದ ಮನೆಯ ಮಂಜಯ್ಯ ಪವರ್ ಹೌಸಿನಲ್ಲಿ ಮೂವತ್ತು ವರ್ಷ ದುಡಿದವರು. ಕೂಗು ಕೇಳಿದ್ದೇ ಕನ್ನಡಕ ಏರಿಸಿಕೊಂಡು ಬಂದರು.

"ಇದೆಂತ ಮಾರಾಯ, ವೈರಾ? ನಮ್ಮನೇರ ತಲೆಕೂದ್ಲು ಇದಕ್ಕಿಂತ ದಪ್ಪ ಇದೆ."

"ಒಂಬತ್ತು ವೋಲ್ಟಿನ ಬ್ಯಾಟ್ರಿ ಮಂಜಯ್ಯನೋರೆ. ಇಷ್ಟು ಸಾಕು."

"ಇವತ್ತು ಒಂಬತ್ತು. ನಾಳೆ?"

ಸುರೇಂದ್ರ ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದ. ಮಂಜಯ್ಯ ಮನೆಗೆ ಹೋಗಿ ಕಿರುಬೆರಳು ಗಾತ್ರದ ಕೇಬಲ್ಲು ತಂದು ತಾವೇ ಕತ್ತರಿಸಿ ಕೊಟ್ಟರು. ಹಿರಿಯರ ಮಾತು ಮೀರಲಾಗದೆ ಸುರೇಂದ್ರ ಅದನ್ನು ತುರುಕಿದ. ಮುಚ್ಚಳ ಉಬ್ಬಿದ ಪೂರಿಯಂತೆ ಎದ್ದು ಕೂತಿತು. ಮಂಜಯ್ಯ ಅದರ ಮೇಲೆ ಕೈಯೂರಿ ಭಾರ ಹಾಕುತ್ತಿದ್ದಾಗಲೇ ಕರೆಂಟು ಹೋಯಿತು.

ಹಿಂದೆಯೇ ಲೈನ್‌ಮ್ಯಾನ್ ಸುಬ್ಬಪ್ಪ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. "ಜ್ಯೋತಕ್ಕ, ಒಂದು ಲೋಟ ಟೀ ಸಿಗತ್ತಾ?"

"ಸುಬ್ಬಪ್ಪ, ಕರೆಂಟು ಹೋಯ್ತಲ್ಲೋ!"

"ಹೋಗಿದ್ದಲ್ಲ ಸುರೇಂದ್ರಣ್ಣ, ನಾವೇ ತೆಗ್ಸಿದ್ದು. ಕೆಳಗೆ ನಮ್ಮವ್ರು ಲೈನಿನ ಮೇಲಿನ ಕೊಂಬೆ ಸವರ್ತಿದಾರೆ. ಹನ್ನೆರಡೂವರೆ ಆಗತ್ತೆ."

ಹೆಂಡತಿ ಜ್ಯೋತಿಲಕ್ಷ್ಮಿ ಗ್ಯಾಸ್ ಒಲೆಯ ಮೇಲೆ ಬೆಸುಗೆಯ ಸೋಲ್ಡರಿಂಗ್ ಐರನ್ನಿನ ತುದಿ ಕಾಯಿಸಿ ಕಾಯಿಸಿ ತಂದುಕೊಟ್ಟಳು. ಸುಬ್ಬಪ್ಪ ಟೀ ಹೀರುತ್ತ, ಈ ದಪ್ಪ ಕೇಬಲ್ಲು ತೆಗೆದು ಬಿಸಾಕಿ ಅಂದ. ಹೆಗಲಚೀಲದಿಂದ ತನ್ನದೊಂದು ತುಂಡು ತೆಗೆದು, "ಇಪ್ಪತ್ತು ಮಳೆಗಾಲ ಕಂಬದ ಮೇಲಿದ್ದ ವೈರು ಇದು. ಮತ್ತೆಂತ ಬೇಕು?" ಅಂದ. ಅದು ಅಲ್ಯೂಮಿನಿಯಂ. ಕರಗಿದ ಸೀಸ ಅದರ ಮೇಲೆ ಕೆಸುವಿನೆಲೆಯ ನೀರಿನಂತೆ ಉರುಳಿ ಸುರೇಂದ್ರನ ಪಂಚೆಗೆ ಬಿತ್ತು. ಅವನು ಕುಣಿಯುತ್ತಿದ್ದರೆ ಇತ್ತ ಇಬ್ಬರಿಗೂ ಜಗಳ ಹತ್ತಿತು.

"ಕರೆಂಟು ಹುಟ್ಸೋದು ನಾವು ಕಣೋ," ಅಂದರು ಮಂಜಯ್ಯ.

"ಹುಟ್ಸಿ ಎಂತ ಮಾಡ್ತೀರಿ, ಮನೆಗೆ ಮುಟ್ಸೋರು ನಾವು!"

"ಮುಟ್ಸಿದ್ದು ನೋಡ್ತಿದೀನಲ್ಲ, ಒಲೆ ಮೇಲೆ ಕಾಯಿಸ್ತಿದಾಳೆ ಅವ್ಳು!"

ಈ ವ್ಯಾಜ್ಯ ಮುಗಿಯುವಷ್ಟರಲ್ಲಿ ಕರೆಂಟು ಬಂದಿತ್ತು, ಒಂದು ಗಂಟೆಯ ಬಸ್ಸು ಹೋಗಿತ್ತು. ಸುರೇಂದ್ರ ತಲೆ ಹಿಡಿದುಕೊಂಡು ಕೂತ. ಆಗ ಜ್ಯೋತಿಲಕ್ಷ್ಮಿ ಅಟ್ಟದಿಂದ ಗಣಪತಿ ಹಬ್ಬದ ಕೆಟ್ಟುಹೋದ ಸೀರಿಯಲ್ ದೀಪದ ಸೆಟ್ಟು ತಂದು, ಅಡುಗೆಮನೆಯ ಕತ್ತರಿಯಲ್ಲಿ ಏಳು ತುಂಡು ಮಾಡಿ ಮೇಜಿನ ಮೇಲೆ ಹಾಕಿದಳು.

"ಇದು ಆಗಲ್ವಾ ನಿಮ್ಗೆ?"

ತೆಳುವಾದ ತಾಮ್ರದ ಎಳೆಗಳು. ಇಪ್ಪತ್ತೇ ನಿಮಿಷದಲ್ಲಿ ಬೆಸೆದು ಮುಗಿಯಿತು, ಮುಚ್ಚಳ ಮೆತ್ತಗೆ ಕೂತಿತು. ಸ್ಪೀಕರಿಗೆ ಸಿಕ್ಕಿಸಿ, ಗಿಟಾರಿಗೆ ಹೋಗುವ ವೈರಿನ ತುದಿಗೆ ಬೆರಳು ತಾಗಿಸಿದರೆ ಗುಂಯ್ ಎಂದು ಮನೆಯೇ ತುಂಬಿತು. ಎಂಟು ತಿಂಗಳಿಂದ ತಲೆಯ ಮೇಲಿನ ಅಟ್ಟದಲ್ಲೇ ಇದ್ದ ವೈರನ್ನು ಸುರೇಂದ್ರ ಪೆಚ್ಚಾಗಿ ನೋಡಿದ.

"ಗಾಡಿ ಹತ್ತು, ನಾನು ಬಿಡ್ತೀನಿ," ಅಂತ ಮಂಜಯ್ಯ ಸ್ಕೂಟರು ತೆಗೆದರು. ಜಗಳ ಎಷ್ಟೇ ಆಡಲಿ, ಮನುಷ್ಯ ಒಳ್ಳೆಯವರು. ಆದರೆ ಅವರ ಸ್ಕೂಟರು ಮೂವತ್ತು ದಾಟುವುದಿಲ್ಲ. ದಾರಿಯಲ್ಲಿ ನಗರ ಅನ್ನುವ ಊರಿನಲ್ಲಿ ಇಂಜಿನ್ನು ತಣ್ಣಗಾಗಬೇಕೆಂದು ಕೋಟೆಯ ಎದುರು ಕಾಲು ಗಂಟೆ ನಿಲ್ಲಿಸಿದರು. ಸುರೇಂದ್ರ ಕೋಟೆ ನೋಡಲಿಲ್ಲ, ಗಡಿಯಾರ ನೋಡಿದ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು. ಕಾಲೇಜು ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಭವ್ಯಾ ಮೆಟ್ಟಿಲ ಮೇಲೆ ಚೀಲ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

"ಆಗೋಯ್ತಾ ಮಗ?"

"ಆಯ್ತಪ್ಪ. ಮುಂದಿನ ಸಾಲಲ್ಲಿ ನಿಂಗೇಂತ ಒಂದು ಕುರ್ಚಿ ಹಿಡ್ಸಿದ್ದೆ. ಪ್ರಿನ್ಸಿಪಾಲ್ರು ಬಂದ್ರೂ ಕೂರಕ್ಕೆ ಬಿಡ್ಲಿಲ್ಲ."

ಸಿಟ್ಟು ಮಾಡಿದ್ದರೆ ವಾಸಿ ಇತ್ತು. ಅವಳು ಸಿಟ್ಟು ಮಾಡಲಿಲ್ಲ. ಸುರೇಂದ್ರ ಗಡಿಬಿಡಿಯಲ್ಲಿ ಡಬ್ಬಿ ಹೊರತೆಗೆದ. "ನೋಡು, ಮಾಡೇಬಿಟ್ಟೆ! ಒಳಗೆ ಸ್ಪೀಕರೆಲ್ಲ ಇನ್ನೂ ಇದೆ ಅಲ್ದಾ? ಒಂದೇ ಒಂದ್ಸಲ ಬಾರ್ಸು, ನಾನು ಕೇಳ್ತೀನಿ." ತಾನೇ ಚೀಲದ ಜಿಪ್ಪು ಎಳೆದ.

ಒಳಗಿದ್ದದ್ದು ಟೊಳ್ಳು ಹೊಟ್ಟೆಯ, ಕಂದು ಮರದ ಗಿಟಾರು. ನಡುವೆ ಅಂಗೈಯಗಲದ ದುಂಡು ಬಾಯಿ. ಸುರೇಂದ್ರ ಅದನ್ನು ಹಿಂದೆ ಮುಂದೆ ತಿರುಗಿಸಿದ. ವೈರು ಸಿಕ್ಕಿಸುವ ತೂತು ಎಲ್ಲೂ ಇರಲಿಲ್ಲ.

"ನಾನು ಕೊಡ್ಸಿದ್ದು ಎಲ್ಲಿ?"

"ಅದು ಸೌಜನ್ಯಾ ಹತ್ರ. ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಾಳಲ್ಲ, ಅವ್ಳು. ದೀಪಾವಳಿಲೇ ಬದ್ಲು ಮಾಡ್ಕಂಡ್ವಿ. ನಿನ್ನ ಕೇಳಿದ್ನಲ್ಲಪ್ಪ, ಹ್ಞೂಂ ಮಾಡ್ಕ ಅಂದೆ."

ನಾಲ್ಕು ತಿಂಗಳು ಜಗಲಿಯಲ್ಲಿ ಅವಳು ಬಾರಿಸಿದ್ದು ಇದನ್ನೇ. ತಾನು ಬಾಗಿಲು ಹಾಕಿಕೊಂಡದ್ದು ಈ ಸದ್ದಿಗೇ. "ಅಷ್ಟು ಒಳ್ಳೇದನ್ನ ಯಾಕೆ ಮಗ ಬದ್ಲು ಮಾಡ್ದೆ?" ಅಂದ ಮೆಲ್ಲಗೆ.

"ಇದಕ್ಕೆ ವೈರೇ ಬೇಡಲ್ಲಪ್ಪ," ಅಂದಳು ಭವ್ಯಾ.

ಮಂಜಯ್ಯ ಡಬ್ಬಿಯನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದರು. "ದಪ್ಪ ವೈರು ಹಾಕಿದ್ರೆ ಹಿಂಗಾಗ್ತಿರ್ಲಿಲ್ಲ," ಅಂದರು.

ಸಂಜೆಯ ಬಸ್ಸಿಗೆ ತಂದೆ ಮಗಳು ನಡೆದರು. ಚೀಲವನ್ನು ಸುರೇಂದ್ರನೇ ಹೆಗಲಿಗೆ ಹಾಕಿಕೊಂಡ. ಅದು ಬೆಳಗ್ಗೆಯಷ್ಟೇ ಹಗುರವಾಗಿತ್ತು.